ಎರಡು ಕಪಿಲವಸ್ತು, ಒಂದು ಲುಂಬಿನಿ

1901ರಲ್ಲಿ ಕಲ್ಕತ್ತೆಯ ಸರ್ಕಾರಿ ಮುದ್ರಣಾಲಯದಿಂದ ಹೊರಬಿದ್ದ ಒಂದು ವರದಿ ತನ್ನೊಡನೆ ತಾನೇ ಜಗಳವಾಡುತ್ತದೆ. ಬರೆದವರು ಪೂರ್ಣಚಂದ್ರ ಮುಖರ್ಜಿ. 1899ರ ಆರಂಭದ ತಿಂಗಳುಗಳಲ್ಲಿ ನೇಪಾಳದ ತರಾಯಿಯಲ್ಲಿ ಅಲೆದು, ಅಳೆದು, ಅಲ್ಲಲ್ಲಿ ಅಗೆದು ನೋಡಿ, ತಿಲೌರಾಕೋಟ್ ಎಂಬ ಹಾಳು ಕೋಟೆಯೇ ಕಪಿಲವಸ್ತು ಎಂದು ಅವರು ತೀರ್ಮಾನಿಸಿದರು. ಶಾಕ್ಯರ ರಾಜಧಾನಿ ಅದು. ಸಿದ್ಧಾರ್ಥ ಇಪ್ಪತ್ತೊಂಬತ್ತನೆಯ ವಯಸ್ಸಿನವರೆಗೆ ಬಾಳಿ, ಬಿಟ್ಟು ಹೊರಟ ಊರು. ಅದೇ ಪುಸ್ತಕಕ್ಕೆ ಮುನ್ನುಡಿ ಬರೆದ ವಿನ್ಸೆಂಟ್ ಸ್ಮಿತ್ ಈ ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತಾರೆ. ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕಂಡ ಕಪಿಲವಸ್ತು ತಿಲೌರಾಕೋಟ್. ಫಾಹಿಯಾನ್ ಕಂಡದ್ದು ಬೇರೆ, ಅದು ಪಿಪ್ರಾಹ್ವಾ ಎನ್ನುವುದು ಅವರ ವಾದ. ಒಂದೇ ರಟ್ಟಿನ ನಡುವೆ ಎರಡು ಕಪಿಲವಸ್ತು.

ಪಿಪ್ರಾಹ್ವಾ ಇರುವುದು ಭಾರತದ ಗಡಿಯೊಳಗೆ, ಇಂದಿನ ಉತ್ತರ ಪ್ರದೇಶದ ಸಿದ್ಧಾರ್ಥನಗರ ಜಿಲ್ಲೆಯಲ್ಲಿ. ತಿಲೌರಾಕೋಟ್ ನೇಪಾಳದಲ್ಲಿದೆ, ಅಲ್ಲಿನ ಜಿಲ್ಲೆಯ ಹೆಸರೇ ಕಪಿಲವಸ್ತು. ನೂರಿಪ್ಪತ್ತು ವರ್ಷಗಳ ಬಳಿಕವೂ ಯಾರು ಯಾವುದನ್ನು ಅಸಲಿ ಎನ್ನುತ್ತಾರೆ ಎಂಬುದನ್ನು ಬಹುಮಟ್ಟಿಗೆ ಅವರ ಪಾಸ್‌ಪೋರ್ಟ್ ನೋಡಿ ಊಹಿಸಬಹುದು. ಮುಖರ್ಜಿ ಮತ್ತು ಸ್ಮಿತ್ ಜಗಳಕ್ಕೆ ಆ ಬಣ್ಣವಿರಲಿಲ್ಲ. ಅವರಿಬ್ಬರ ಮುಂದಿದ್ದದ್ದು ಒಂದೇ ಕಡತ. ಆ ಕಡತವನ್ನು ಮತ್ತೆ ಬಿಚ್ಚಿ, ಇಬ್ಬರೂ ಎಲ್ಲಿ ಕವಲೊಡೆದರು ಎಂದು ನೋಡುವುದು ಈ ಬರಹದ ಉದ್ದೇಶ.

ಕಡತದ ಮೊದಲ ಹಾಳೆಗಳು ಚೀನಾದವು. ಐದನೆಯ ಶತಮಾನದ ಆರಂಭದಲ್ಲಿ ಬಂದ ಫಾಹಿಯಾನ್, ಶ್ರಾವಸ್ತಿಯಿಂದ ಆಗ್ನೇಯಕ್ಕೆ ಹನ್ನೆರಡು ಯೋಜನ ನಡೆದು, ಹಿಂದಿನ ಬುದ್ಧರಲ್ಲೊಬ್ಬನಾದ ಕ್ರಕುಚ್ಛಂದನ ಊರಿಗೆ ಬಂದೆನೆನ್ನುತ್ತಾನೆ. ಅಲ್ಲಿಂದ ಉತ್ತರಕ್ಕೆ ಒಂದು ಯೋಜನಕ್ಕೂ ಕಡಿಮೆ ದೂರದಲ್ಲಿ ಕನಕಮುನಿ ಬುದ್ಧನ ಊರು. ಅಲ್ಲಿಂದ ಪೂರ್ವಕ್ಕೆ ಮತ್ತೆ ಯೋಜನದೊಳಗೆ ಕಪಿಲವಸ್ತು. ರಾಜನಿಲ್ಲ, ಪ್ರಜೆಗಳಿಲ್ಲ, ಕೆಲವು ಭಿಕ್ಷುಗಳು, ಹತ್ತಾರು ಮನೆಗಳು. ನಗರದಿಂದ ಪೂರ್ವಕ್ಕೆ ಐವತ್ತು ಲೀ (ಚೀನೀ ದೂರದ ಅಳತೆ) ನಡೆದರೆ ಬುದ್ಧ ಹುಟ್ಟಿದ ಲುಂಬಿನಿ.

ಏಳನೆಯ ಶತಮಾನದಲ್ಲಿ ಬಂದ ಹ್ಯೂಯೆನ್ ತ್ಸಾಂಗ್ ನಮಗೆ ಹೊಸಬನಲ್ಲ, ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದವನು ಅವನೇ. ಅವನ ಪ್ರಕಾರ ಕಪಿಲವಸ್ತು ಶ್ರಾವಸ್ತಿಯಿಂದ ಆಗ್ನೇಯಕ್ಕೆ ಸುಮಾರು ಐನೂರು ಲೀ. ಇಟ್ಟಿಗೆಯ ಅರಮನೆ ಆವರಣದ ಸುತ್ತಳತೆ ಹದಿನಾಲ್ಕೋ ಹದಿನೈದೋ ಲೀ. ಕ್ರಕುಚ್ಛಂದನ ಊರು ನಗರದ ದಕ್ಷಿಣಕ್ಕೆ ಐವತ್ತು ಲೀ, ಅದರ ಈಶಾನ್ಯಕ್ಕೆ ಮೂವತ್ತು ಲೀ ದೂರದಲ್ಲಿ ಕನಕಮುನಿಯ ಊರು. ನಗರದ ದಕ್ಷಿಣ ಬಾಗಿಲಿನಿಂದ ಆಗ್ನೇಯಕ್ಕೆ ಮೂವತ್ತು ಲೀ ಹೋದರೆ ರಾಜಕುಮಾರನ ಬಾಣ ನೆಟ್ಟು ನೀರು ಚಿಮ್ಮಿದ ಚಿಲುಮೆ. ಅಲ್ಲಿಂದ ಈಶಾನ್ಯಕ್ಕೆ ಎಂಬತ್ತು ತೊಂಬತ್ತು ಲೀ ಹೋದರೆ ಲುಂಬಿನಿ.

ಇಬ್ಬರನ್ನೂ ಪಕ್ಕಪಕ್ಕ ಇಟ್ಟರೆ ಬಿರುಕು ಕೂಡಲೇ ಕಾಣುತ್ತದೆ. ಫಾಹಿಯಾನನಿಗೆ ಕನಕಮುನಿಯ ಊರು ಕಪಿಲವಸ್ತುವಿನ ಪಶ್ಚಿಮಕ್ಕೆ. ಹ್ಯೂಯೆನ್ ತ್ಸಾಂಗನಿಗೆ ಅದೇ ಊರು ಆಗ್ನೇಯದ ಕಡೆಗೆ. ಒಬ್ಬನಿಗೆ ಲುಂಬಿನಿ ಐವತ್ತು ಲೀ, ಇನ್ನೊಬ್ಬನಿಗೆ ಅದರ ಎರಡರಷ್ಟಕ್ಕೆ ಸಮೀಪ. ಹ್ಯೂಯೆನ್ ತ್ಸಾಂಗನ ಗ್ರಂಥ ಅವನು ಚೀನಾಕ್ಕೆ ಮರಳಿದ ಮೇಲೆ, 646ರಲ್ಲಿ, ಶಿಷ್ಯ ಬಿಯಾಂಜಿಯ ಕೈಯಲ್ಲಿ ರೂಪುಗೊಂಡದ್ದು. ನೆನಪು ಜಾರಿರಬಹುದು, ನಕಲು ಮಾಡಿದವರ ಕೈ ತಪ್ಪಿರಬಹುದು, ಇಬ್ಬರೂ ಕಂಡದ್ದು ಬೇರೆ ಬೇರೆ ಊರುಗಳನ್ನೇ ಆಗಿರಬಹುದು. ಗ್ರಂಥಗಳನ್ನಷ್ಟೇ ಓದಿ ಈ ಮೂರರಲ್ಲಿ ಒಂದನ್ನು ಆರಿಸಲಾಗುವುದಿಲ್ಲ.

ನೆಲದ ಮೇಲೆ ಗುರುತಿಲ್ಲದೆ ಗ್ರಂಥವನ್ನಷ್ಟೇ ಹಿಡಿದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಕಡತದಲ್ಲೇ ಉದಾಹರಣೆಯಿದೆ. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1871ರ ತಮ್ಮ ಭೂಗೋಳ ಗ್ರಂಥದಲ್ಲಿ ನಗರ್ ಎಂಬ ಊರನ್ನು ಕಪಿಲವಸ್ತು ಎಂದರು. ಕೆಲವೇ ವರ್ಷಗಳಲ್ಲಿ ಅವರ ಸಹಾಯಕ ಕಾರ್ಲೈಲ್ ಬಸ್ತಿ ಜಿಲ್ಲೆಯ ಭುಯಿಲಾ ಎಂಬಲ್ಲಿ ಕಪಿಲವಸ್ತುವನ್ನು ಕಂಡುಹಿಡಿದರು. ಬರೀ ದಿಬ್ಬವಲ್ಲ, ರಾಜಕುಮಾರ ಎಸೆದ ಆನೆ ಬಿದ್ದ ಗುಂಡಿ, ಬಾಣದ ಚಿಲುಮೆ, ಯಾತ್ರಿಕರು ಹೇಳಿದ್ದೆಲ್ಲ ಅವರಿಗೆ ಅಲ್ಲಿ ಸಿಕ್ಕಿತು. ಕನ್ನಿಂಗ್‌ಹ್ಯಾಮ್ ಒಪ್ಪಿ ತಮ್ಮ ಹಳೆಯ ಗುರುತನ್ನು ಕೈಬಿಟ್ಟರು. ಈಗ ನಮಗೆ ಗೊತ್ತು, ಭುಯಿಲಾಗೂ ಕಪಿಲವಸ್ತುವಿಗೂ ಸಂಬಂಧವಿಲ್ಲ. ಗಂಗೆಯ ಬಯಲಿನಲ್ಲಿ ದಿಬ್ಬ, ಕೆರೆ, ಗುಂಡಿಗಳಿಲ್ಲದ ಊರಿಲ್ಲ. ಪಟ್ಟಿ ಹಿಡಿದು ಹೋದವನಿಗೆ ಪಟ್ಟಿಯಲ್ಲಿರುವುದೆಲ್ಲ ಎಲ್ಲಿಯೂ ಸಿಗುತ್ತದೆ. ಹೊಂದಿಕೆಗಳ ಸಂಖ್ಯೆ ಹೆಚ್ಚಿದಷ್ಟೂ ಪುರಾವೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಟ್ಟಿತು. ಬೇಕಾಗಿದ್ದದ್ದು ಬೇರೆ ಯಾವ ಊರಿಗೂ ಹೊಂದಲಾರದ ಒಂದು ಗುರುತು.

ಅದು ಸಿಕ್ಕಿದ್ದು 1896ರ ಡಿಸೆಂಬರ್‌ನಲ್ಲಿ, ಕಲ್ಲಿನ ರೂಪದಲ್ಲಿ. ಅದಕ್ಕೆ ಮುನ್ನ ನಿಗ್ಲಿಹವಾ ಎಂಬಲ್ಲಿ ಕೆರೆಯ ದಡದಲ್ಲಿ ಮುರಿದು ಬಿದ್ದಿದ್ದ ಅಶೋಕನ ಕಂಬವೊಂದು ಬೆಳಕಿಗೆ ಬಂದಿತ್ತು. ರಾಜ ಪಿಯದಸಿ ತನ್ನ ಆಳ್ವಿಕೆಯ ಹದಿನಾಲ್ಕನೆಯ ವರ್ಷದಲ್ಲಿ ಕನಕಮುನಿ ಬುದ್ಧನ ಸ್ತೂಪವನ್ನು ಇಮ್ಮಡಿ ಮಾಡಿಸಿದನೆಂದೂ, ಆಮೇಲೆ ತಾನೇ ಬಂದು ಪೂಜಿಸಿದನೆಂದೂ ಅದರ ಶಾಸನ ಹೇಳುತ್ತದೆ. ಕನಕಮುನಿಯ ಊರು ಸಿಕ್ಕಿತು, ಇನ್ನು ಕಪಿಲವಸ್ತು ಕೈಯಳತೆಯಲ್ಲಿದೆ ಎಂದು ಎಲ್ಲರೂ ಭಾವಿಸಿದರು. ಬಳಿಕ ರುಮ್ಮಿನ್‌ದೇಈ ಎಂಬಲ್ಲಿ, ಪಾಲ್ಪಾದ ಅಧಿಪತಿ ಜನರಲ್ ಖಡ್ಗ ಶಂಶೇರ್ ಮತ್ತು ಪುರಾತತ್ತ್ವ ಸರ್ವೇಯರ್ ಆಲೋಯಿಸ್ ಫ್ಯೂರರ್ ಸೇರಿ ಇನ್ನೊಂದು ಕಂಬದ ಬುಡದಲ್ಲಿ ಹೂತಿದ್ದ ಶಾಸನವನ್ನು ಕಂಡರು. ಪಟ್ಟವೇರಿದ ಇಪ್ಪತ್ತು ವರ್ಷಗಳ ಮೇಲೆ ಪಿಯದಸಿ ಇಲ್ಲಿಗೆ ಬಂದ, ಶಾಕ್ಯಮುನಿ ಬುದ್ಧ ಹುಟ್ಟಿದ್ದು ಇಲ್ಲಿಯೆಂದು ಕಂಬ ನಿಲ್ಲಿಸಿದ, ಲುಂಬಿನಿ ಗ್ರಾಮಕ್ಕೆ ತೆರಿಗೆ ಇಳಿಸಿದ ಎಂಬುದು ಅದರ ಸಾರ. ಈ ಕಂಬ ನೆಟ್ಟ ಜಾಗದಲ್ಲೇ ನಿಂತಿತ್ತು.

ಪಿಯದಸಿಯೆಂದರೆ ಅಶೋಕನೇ ಎಂಬುದಕ್ಕೆ ಆಗ ಇದ್ದ ಆಧಾರ ಸಿಂಹಳದ ವೃತ್ತಾಂತಗಳು. 1837ರಲ್ಲಿ ಜಾರ್ಜ್ ಟರ್ನರ್ ಅವುಗಳಿಂದ ಆ ಹೊಂದಿಕೆಯನ್ನು ಹೊರತೆಗೆದಿದ್ದರು. ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಶಾಸನ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ. ಲುಂಬಿನಿಯ ಕಂಬ ಎತ್ತಿದ ಹೆಸರಿಗೆ ಕಲ್ಲಿನ ಜಾಮೀನು ಸಿಕ್ಕಿದ್ದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕನ್ನಡ ನೆಲದ ಬಂಡೆಯಿಂದ.

ಇಲ್ಲಿ ಕಡತ ಕೊಳಕಾಗುತ್ತದೆ. ನಿಗ್ಲಿಹವಾದ ಕಂಬದ ಪಕ್ಕದಲ್ಲೇ ಕನಕಮುನಿಯ ಸ್ತೂಪವನ್ನು ಕಂಡೆನೆಂದು ಫ್ಯೂರರ್ ವಿವರವಾಗಿ ಬರೆದಿದ್ದ. ಮುಖರ್ಜಿ ಹೋಗಿ ನೋಡಿದರೆ ಅಲ್ಲಿ ಸ್ತೂಪವೇ ಇಲ್ಲ. ಅದರ ವರ್ಣನೆ ಕನ್ನಿಂಗ್‌ಹ್ಯಾಮರ ಹಳೆಯ ಪುಸ್ತಕದಿಂದ ಎತ್ತಿದ್ದು. ತಿಲೌರಾಕೋಟ್ ಬಳಿಯ ಸಾಗರ್‌ವಾದಲ್ಲಿ ಸಣ್ಣ ಸ್ತೂಪಗಳನ್ನು ಕೆಡವಿ, ಹತರಾದ ಶಾಕ್ಯರ ಹೆಸರುಗಳಿರುವ ಬರಹಗಳು ಸಿಕ್ಕಿವೆ ಎಂದು ಆತ ಹೇಳಿದ್ದೂ ಸುಳ್ಳು. ಬರ್ಮಾದ ಭಿಕ್ಷುವೊಬ್ಬನಿಗೆ ಬುದ್ಧನ ಧಾತುಗಳೆಂದು ಕೊಟ್ಟಿದ್ದರಲ್ಲಿ ಕುದುರೆಯ ಹಲ್ಲೂ ಇತ್ತು. 1898ರಲ್ಲಿ ಎಲ್ಲ ಹೊರಬಿದ್ದು ಫ್ಯೂರರ್ ಕೆಲಸ ಬಿಟ್ಟ. ಬುದ್ಧನ ಜನ್ಮಸ್ಥಳದ ಕುರಿತ ಅವನ ಪುಸ್ತಕವನ್ನು ಸರ್ಕಾರ ಹಿಂತೆಗೆದುಕೊಂಡಿತು. ಮುಖರ್ಜಿಯ ಪ್ರವಾಸ ಆ ಗಲೀಜು ತೊಳೆಯುವ ಕೆಲಸವೂ ಆಗಿತ್ತು.

ಹಾಗಾದರೆ ಫ್ಯೂರರ್ ಮುಟ್ಟಿದ್ದೆಲ್ಲ ಖೋಟಾ ಎನ್ನಬೇಕೆ? ಹಾಗೆ ವಾದಿಸಿದವರಿದ್ದಾರೆ. ಆದರೆ ಫ್ಯೂರರ್‌ನ ಸಾಬೀತಾದ ಮೋಸಗಳಿಗೆ ಒಂದು ಲಕ್ಷಣವಿದೆ: ಅವು ಬಹುಮಟ್ಟಿಗೆ ಕಾಗದದ ಮೇಲಿನವು, ಕೆಲವು ಬೇರೆ ಪುಸ್ತಕಗಳಿಂದ ಕದ್ದವು, ಯಾರಾದರೂ ಹೋಗಿ ನೋಡಿದರೆ ನಿಲ್ಲದವು. ಲುಂಬಿನಿಯ ಶಾಸನ ಇಂದಿಗೂ ಕಲ್ಲಿನ ಮೇಲಿದೆ. ಅದನ್ನು ಓದಿ ಪ್ರಕಟಿಸಿದವರು ವಿಯೆನ್ನಾದ ಗಿಯೋರ್ಗ್ ಬ್ಯೂಲರ್. ಅದರ ತೆರಿಗೆಯ ಭಾಗದಲ್ಲಿ ಪಂಡಿತರು ಇಂದಿಗೂ ಜಗಳಾಡುವ ಶಬ್ದಗಳಿವೆ. ಖೋಟಾ ಬರೆಯುವವನು ತನಗೆ ಗೊತ್ತಿರುವುದನ್ನು ಬರೆಯುತ್ತಾನೆ, ಮುಂದಿನ ನೂರು ವರ್ಷ ಯಾರಿಗೂ ಪೂರ್ತಿ ಬಿಡಿಸಲಾಗದ್ದನ್ನಲ್ಲ. ಆದ್ದರಿಂದ ಫ್ಯೂರರ್‌ನ ಮಾತುಗಳನ್ನು ಬಿಟ್ಟು ಕಲ್ಲನ್ನು ಇಟ್ಟುಕೊಳ್ಳುವುದು ನ್ಯಾಯ.

ಆದರೆ ಎರಡು ಕಲ್ಲುಗಳ ತೂಕ ಒಂದೇ ಅಲ್ಲ. ನಿಗ್ಲಿಹವಾದ ಶಾಸನ ಅಸಲಿ, ಜಾಗ ಅಸಲಿಯಲ್ಲ. ಕಂಬದ ತುಂಡುಗಳು ಬೇರೆಲ್ಲಿಂದಲೋ ಬಂದು ಕೆರೆಯ ದಡ ಸೇರಿವೆ. ಇದನ್ನು ಒಪ್ಪಿಕೊಂಡ ಮೇಲೆ ಕನಕಮುನಿಯ ಊರಿನಿಂದ ಎಳೆದ ಗೆರೆಗಳೆಲ್ಲ ಕದಲುತ್ತವೆ. ಇಂದಿನ ನಿಗ್ಲಿಹವಾದಿಂದ ತಿಲೌರಾಕೋಟ್ ಪಶ್ಚಿಮಕ್ಕಿದೆ, ಪಿಪ್ರಾಹ್ವಾ ದಕ್ಷಿಣಕ್ಕಿದೆ. ಫಾಹಿಯಾನ್ ಹೇಳಿದ ಪೂರ್ವಕ್ಕೆ ಎರಡೂ ಇಲ್ಲ. ಶ್ರಾವಸ್ತಿಯಿಂದ ಅಳೆದರೂ ಬಿಕ್ಕಟ್ಟು ಬಿಡದು. ಅಲ್ಲಿಂದ ಎರಡೂ ತಾಣಗಳು ಪೂರ್ವಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಆ ಅಳತೆಗೋಲು ಇವೆರಡರ ನಡುವೆ ತೀರ್ಪು ಕೊಡುವಷ್ಟು ಸೂಕ್ಷ್ಮವಲ್ಲ.

ಉಳಿಯುವುದು ಲುಂಬಿನಿ ಒಂದೇ. ಕದಲದ ಆ ಮೊಳೆಗೆ ಹಗ್ಗ ಕಟ್ಟಿ ಇಬ್ಬರು ಯಾತ್ರಿಕರನ್ನೂ ಹಿಂದಕ್ಕೆ ನಡೆಸಿ ನೋಡಿದಾಗಲೇ ನನಗೆ ಈ ಕಡತದ ಗಂಟು ಸಡಿಲವಾದದ್ದು. ಕನ್ನಿಂಗ್‌ಹ್ಯಾಮರ ಲೆಕ್ಕದಂತೆ ಆರು ಲೀಗೆ ಒಂದು ಮೈಲಿ ಹಿಡಿಯೋಣ. ಫಾಹಿಯಾನನ ಐವತ್ತು ಲೀ ಅಂದರೆ ಹದಿಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಲುಂಬಿನಿಯಿಂದ ಅಷ್ಟು ಪಶ್ಚಿಮಕ್ಕೆ ಹೋಗಬೇಕು. ಪಿಪ್ರಾಹ್ವಾ ಲುಂಬಿನಿಯಿಂದ ಪಶ್ಚಿಮಕ್ಕೆ, ಕೊಂಚವೇ ದಕ್ಷಿಣಕ್ಕೆ ವಾಲಿ, ಸುಮಾರು ಹದಿನೈದು ಕಿಲೋಮೀಟರ್ ದೂರದಲ್ಲಿದೆ. ದೂರವೂ ದಿಕ್ಕೂ ಎರಡೂ ಕೂಡುತ್ತವೆ. ತಿಲೌರಾಕೋಟ್ ಇರುವುದು ವಾಯವ್ಯದ ಕಡೆಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್. ಫಾಹಿಯಾನನ ಮಟ್ಟಿಗೆ ಸ್ಮಿತ್ ಸರಿ.

ಹ್ಯೂಯೆನ್ ತ್ಸಾಂಗನ ದಾರಿಯಲ್ಲಿ ತಿರುವು ಇದೆ: ಮೂವತ್ತು ಲೀ ಆಗ್ನೇಯಕ್ಕೆ, ಎಂಬತ್ತೈದು ಲೀ ಈಶಾನ್ಯಕ್ಕೆ. ಗ್ರಾಫ್ ಹಾಳೆಯ ಮೇಲೆ ಎಳೆದರೆ ನೇರ ದೂರ ಸುಮಾರು ತೊಂಬತ್ತು ಲೀ, ಅಂದರೆ ಇಪ್ಪತ್ತನಾಲ್ಕು ಕಿಲೋಮೀಟರ್. ತಿಲೌರಾಕೋಟ್‌ಗೆ ಅಚ್ಚುಕಟ್ಟಾದ ಅಂಕಿ. ಇಬ್ಬರ ಲೀಯೂ ಒಂದೇ ಆಗಿತ್ತೆಂಬ ಖಾತ್ರಿಯಿಲ್ಲ, ನಡುವೆ ಎರಡು ಶತಮಾನಗಳಿವೆ. ಆದರೂ ಒಬ್ಬನ ದೂರ ಪಿಪ್ರಾಹ್ವಾಕ್ಕೂ ಇನ್ನೊಬ್ಬನದು ತಿಲೌರಾಕೋಟ್‌ಗೂ ಬೀಳುವುದು ಸ್ಮಿತ್ ಪರವಾಗಿ ಮಾತಾಡುತ್ತದೆ. ಆದರೆ ದಿಕ್ಕು? ಅದೇ ಹಾಳೆಯ ಮೇಲೆ ಲುಂಬಿನಿ ಕಪಿಲವಸ್ತುವಿಗೆ ಪೂರ್ವದಿಂದ ಉತ್ತರಕ್ಕೆ ವಾಲುತ್ತದೆ. ನಿಜದಲ್ಲಿ ಲುಂಬಿನಿ ತಿಲೌರಾಕೋಟ್‌ನಿಂದ ಸ್ಪಷ್ಟವಾಗಿ ದಕ್ಷಿಣಕ್ಕೆ ವಾಲಿದೆ. ಆಗ್ನೇಯ, ಈಶಾನ್ಯ ಎಂಬ ಮಾತುಗಳನ್ನು ಅಷ್ಟದಿಕ್ಕುಗಳ ಲೆಕ್ಕದಲ್ಲಿ ಎಷ್ಟೇ ಸಡಿಲಿಸಿದರೂ ಹೆಚ್ಚೆಂದರೆ ನೇರ ಪೂರ್ವಕ್ಕೆ ಬರಬಹುದು, ಅದಕ್ಕಿಂತ ಕೆಳಗಿಳಿಯುವುದಿಲ್ಲ. ದೂರ ತಿಲೌರಾಕೋಟ್ ಎನ್ನುತ್ತದೆ, ದಿಕ್ಕು ಪಿಪ್ರಾಹ್ವಾದ ಕಡೆ ತಿರುಗಿಸುತ್ತದೆ. ಮುನ್ನುಡಿಯ ಎರಡು ಹೊಂದಿಕೆಗಳಲ್ಲಿ ಒಂದು ಗಟ್ಟಿ, ಇನ್ನೊಂದು ಅರೆಗಟ್ಟಿ. ಎರಡನ್ನೂ ಸಮಾನವಾಗಿ ನಂಬಲು ಕಾರಣವಿಲ್ಲ.

ಇಲ್ಲಿಂದ ಮುಂದೆ ಗುದ್ದಲಿಯ ಸಾಕ್ಷ್ಯ. 1898ರ ಜನವರಿಯಲ್ಲಿ ಬರ್ಡ್‌ಪುರದ ಜಮೀನುದಾರ ವಿಲಿಯಂ ಕ್ಲಾಕ್ಸ್‌ಟನ್ ಪೆಪೆ ತನ್ನ ಎಸ್ಟೇಟಿನ ಪಿಪ್ರಾಹ್ವಾ ಸ್ತೂಪವನ್ನು ಬಗೆದು, ಒಳಗೆ ದೊಡ್ಡ ಮರಳುಗಲ್ಲಿನ ಪೆಟ್ಟಿಗೆಯನ್ನು ಕಂಡ. ಅದರಲ್ಲಿ ಬಳಪದ ಕಲ್ಲಿನ ಕರಂಡಕಗಳು, ಮೀನಿನ ಹಿಡಿಯಿದ್ದ ಸ್ಫಟಿಕದ ಪಾತ್ರೆ, ಎಲುಬಿನ ಚೂರುಗಳು, ನೂರಾರು ರತ್ನ ಮತ್ತು ಚಿನ್ನದ ಹೂಗಳು. ಒಂದು ಕರಂಡಕದ ಮುಚ್ಚಳದ ಸುತ್ತ ಬ್ರಾಹ್ಮಿ ಬರಹ. ಫ್ಯೂರರ್ ಆಗ ಗಡಿಯಾಚೆ ಅಗೆಯುತ್ತಿದ್ದುದರಿಂದ ಇದರ ಮೇಲೂ ಅನುಮಾನ ಬಿತ್ತು. ಲಿಪಿಯನ್ನು ಪರೀಕ್ಷಿಸಿದ ಹ್ಯಾರಿ ಫಾಲ್ಕ್ ಅವರಂಥ ವಿದ್ವಾಂಸರು ಅಸಲಿ ಎಂದಿದ್ದಾರೆ. ಬರಹ ವೃತ್ತಾಕಾರವಾದ್ದರಿಂದ ಎಲ್ಲಿಂದ ಓದಲು ಶುರುಮಾಡಬೇಕೆಂಬುದೇ ವಿವಾದವಾಯಿತು. ಕೆತ್ತಿದವನಿಗೆ ಜಾಗ ಸಾಲದೆ ಶಾಕ್ಯರ ಹೆಸರಿನ ಕೊನೆಯ ಅಕ್ಷರಗಳನ್ನು ಸಾಲಿನ ಮೇಲೆ ಸೇರಿಸಿದ್ದಾನೆ. ಬರಹ ಮುಗಿಯುವುದು ಅಲ್ಲಿಯೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಶಾಕ್ಯರು ತಮ್ಮ ಹೆಂಡಿರು, ಮಕ್ಕಳು, ಅಕ್ಕತಂಗಿಯರೊಡನೆ ಇಟ್ಟ ಬುದ್ಧನ ಧಾತು ಎಂಬುದು ಹೆಚ್ಚಿನವರ ಓದು. ಬುದ್ಧನ ಬಂಧುಗಳಾದ ಶಾಕ್ಯರದೇ ಧಾತು ಎಂಬುದು ಜೆ. ಎಫ್. ಫ್ಲೀಟರ ಓದು, ಕನ್ನಡ ಶಾಸನಗಳ ಅಭ್ಯಾಸಿಗಳಿಗೆ ಪರಿಚಯದ ಹೆಸರು ಅದು. ಎರಡರಲ್ಲಿ ಯಾವುದನ್ನು ಹಿಡಿದರೂ ಇದು ಶಾಕ್ಯರ ಸ್ತೂಪವೆಂದಾಗುತ್ತದೆ, ಶಾಕ್ಯರ ರಾಜಧಾನಿಯೆಂದಾಗುವುದಿಲ್ಲ. ರಾಜಧಾನಿಯಾಚೆಗೂ ಶಾಕ್ಯರ ನೆಲವಿತ್ತು.

ಆ ಕೊರತೆ ತುಂಬಿತೆಂದು ಅನಿಸಿದ್ದು 1970ರ ದಶಕದಲ್ಲಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಕೆ. ಎಂ. ಶ್ರೀವಾಸ್ತವ ಪೆಪೆ ನಿಲ್ಲಿಸಿದ ಆಳಕ್ಕಿಂತ ಕೆಳಗೆ ಹೋಗಿ ಇನ್ನೂ ಹಳೆಯ ಇಟ್ಟಿಗೆ ಗೂಡುಗಳಲ್ಲಿ ಕರಂಡಕಗಳನ್ನು ಕಂಡರು. ಅದಕ್ಕಿಂತ ಮುಖ್ಯವಾದದ್ದು ಪೂರ್ವದ ವಿಹಾರದಲ್ಲಿ ಸಿಕ್ಕಿದ ಮಣ್ಣಿನ ಮುದ್ರಿಕೆಗಳು. ಕುಷಾಣರ ಕಾಲದ ಅಕ್ಷರಗಳಲ್ಲಿ, ದೇವಪುತ್ರ ವಿಹಾರದಲ್ಲಿರುವ ಕಪಿಲವಸ್ತುವಿನ ಭಿಕ್ಷುಸಂಘದ ಹೆಸರು ಅವುಗಳ ಮೇಲಿತ್ತು. ಕಪಿಲವಸ್ತುವಿನ ಹೆಸರು ನೆಲದೊಳಗಿಂದಲೇ ಎದ್ದು ಬಂದಿತ್ತು. ಶ್ರೀವಾಸ್ತವರಿಗೆ ವಿವಾದ ಅಲ್ಲಿಗೆ ಮುಗಿಯಿತು. ಪಕ್ಕದ ಗನ್‌ವಾರಿಯಾ ದಿಬ್ಬದ ದೊಡ್ಡ ಕಟ್ಟಡಗಳು ಶಾಕ್ಯರ ವಾಸಸ್ಥಾನವಾದವು.

ಮುದ್ರಿಕೆ ಎಂಥ ಸಾಕ್ಷಿ? ಇದಕ್ಕೆ ಉತ್ತರ ಬುದ್ಧ ತೀರಿಕೊಂಡ ಕುಶಿನಗರದ ಕಡತದಲ್ಲಿದೆ. ಆ ಊರಿರಬಹುದೆಂದುಕೊಂಡಿದ್ದ ಕಸಿಯಾದಲ್ಲಿ ಅಗೆದ ಜೆ. ಪಿಎಚ್. ಫೋಗೆಲ್ ಅವರಿಗೆ ಮಹಾಪರಿನಿರ್ವಾಣ ವಿಹಾರದ ಮುದ್ರಿಕೆಗಳು ಸಿಕ್ಕಿದಾಗ ಅವರು ತಟ್ಟನೆ ಕುಶಿನಗರ ಎನ್ನಲಿಲ್ಲ. ಮುದ್ರಿಕೆಯನ್ನು ಪತ್ರಕ್ಕೋ ಗಂಟಿಗೋ ಒತ್ತಿ ಕಳಿಸುತ್ತಾರೆ. ಅದು ಸಿಗುವುದು ಕಳಿಸಿದವನ ಮನೆಯಲ್ಲಲ್ಲ, ಪಡೆದವನ ಮನೆಯಲ್ಲಿ ಎಂಬುದು ಅವರ ಶಂಕೆ. ಅದು ಕರಗಿದ್ದು 1910–11ರಲ್ಲಿ ಹೀರಾನಂದ ಶಾಸ್ತ್ರಿ ಸ್ತೂಪದ ಒಡಲಿನಿಂದಲೇ ಪರಿನಿರ್ವಾಣ ಚೈತ್ಯದ ಹೆಸರಿದ್ದ ತಾಮ್ರಪಟ ತೆಗೆದಾಗ. ಪಿಪ್ರಾಹ್ವಾದಲ್ಲಿ ಒಂದೇ ಸಂಘದ ಮುದ್ರಿಕೆಗಳು ಒಂದೇ ಕಡೆ ಅಷ್ಟೊಂದು ಸಿಕ್ಕಿರುವುದರಿಂದ ಅವು ಅಲ್ಲಿಯವೇ ಇರಬೇಕು ಎಂಬ ವಾದಕ್ಕೆ ಬಲವಿದೆ, ನಾನೂ ಅದನ್ನು ಒಪ್ಪುತ್ತೇನೆ. ಆಗಲೂ ಅವು ಹೇಳುವುದು ಇಷ್ಟು: ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಇಲ್ಲಿದ್ದ ಸಂಘ ತನ್ನನ್ನು ಕಪಿಲವಸ್ತುವಿನದೆಂದು ಕರೆದುಕೊಳ್ಳುತ್ತಿತ್ತು. ಅವನ್ನು ಒತ್ತಿದ್ದು ಸಿದ್ಧಾರ್ಥನ ತಂದೆ ಶುದ್ಧೋದನನ ಕಾಲದಿಂದ ಐದಾರು ಶತಮಾನಗಳ ಬಳಿಕ.

ತಿಲೌರಾಕೋಟ್ ಇದಕ್ಕೆ ತಿರುಗುಮುರುಗು. ಅಲ್ಲಿ ನಗರವಿದೆ: ಕಂದಕ, ಬಾಗಿಲುಗಳು, ಸುಮಾರು ಐನೂರು ಮೀಟರ್ ಉದ್ದ, ನಾನೂರು ಮೀಟರ್ ಅಗಲದ ಕೋಟೆ. 1962ರಲ್ಲಿ ಅಲ್ಲಿ ಅಗೆದ ದೇಬಲಾ ಮಿತ್ರಾ ಅವರಿಗೆ ಬುದ್ಧನ ಕಾಲದಷ್ಟು ಹಳೆಯ ಗೋಡೆ ಕಾಣಲಿಲ್ಲ. ಬಳಿಕ ನೇಪಾಳಿ, ಜಪಾನಿ ತಂಡಗಳು ಬಂದವು. 2010ರ ದಶಕದಲ್ಲಿ ರಾಬಿನ್ ಕೋನಿಂಗ್‌ಹ್ಯಾಮ್ ಮತ್ತು ಕೋಶ್ ಪ್ರಸಾದ್ ಆಚಾರ್ಯರ ತಂಡ ನೆಲವನ್ನು ಅಗೆಯುವ ಮೊದಲು ಭೂಭೌತ ಉಪಕರಣಗಳಿಂದ ಓದಿ, ಚೌಕಳಿಯಂತೆ ಹಾಯುವ ಬೀದಿಗಳನ್ನೂ ನಡುವಿನ ಗೋಡೆಯಾವರಣವನ್ನೂ ಬಿಡಿಸಿತು. ಕೋಟೆಯ ಅತಿ ಹಳೆಯ ರೂಪ ಇಟ್ಟಿಗೆಯದಲ್ಲ, ಮರದ ಬೇಲಿಯದು, ಕ್ರಿ.ಪೂ. ಆರನೆಯ ಶತಮಾನದಷ್ಟು ಹಿಂದಿನದು ಎಂಬುದು ಅವರ ಕಾಲಗಣನೆ. ಲುಂಬಿನಿಯ ಮಾಯಾದೇವಿ ಗುಡಿಯ ಅಡಿಯಲ್ಲೂ ಇದೇ ತಂಡಕ್ಕೆ ಅದೇ ಕಾಲದ ಮರದ ಗುಡಿಯ ಕುರುಹು ಸಿಕ್ಕಿತು. ಇಂಗಾಲದ ಕಾಲಗಣನೆ ಮರದ ಕಂಬ ನೆಟ್ಟ ಹೊತ್ತನ್ನು ಹೇಳಬಲ್ಲದು, ಅಲ್ಲಿ ಕೈಮುಗಿದವರು ಯಾರಿಗೆ ಮುಗಿದರು ಎಂಬುದನ್ನಲ್ಲ. ಆ ಆಕ್ಷೇಪವನ್ನು ಬೇರೆ ವಿದ್ವಾಂಸರು ಎತ್ತಿದ್ದಾರೆ, ಅದು ತಿಲೌರಾಕೋಟ್‌ಗೂ ಸಲ್ಲುತ್ತದೆ. ಕೋಟೆಯ ಸುತ್ತಳತೆ ಎರಡು ಕಿಲೋಮೀಟರಿಗೂ ಕಡಿಮೆ. ಹ್ಯೂಯೆನ್ ತ್ಸಾಂಗನ ಹದಿನಾಲ್ಕು ಲೀಗೆ ಅದು ಸಾಲದು. ಪಿಪ್ರಾಹ್ವಾದಂತೆ ಊರಿನ ಹೆಸರನ್ನು ಬಿಡಿಸಿ ಹೇಳುವ ಮುದ್ರಿಕೆಗಳ ರಾಶಿಯೂ ಅಲ್ಲಿಂದ ಬಂದಿಲ್ಲ.

ಒಂದು ಕಡೆ ಹೆಸರಿದೆ, ಕೋಟೆಯಿಲ್ಲ. ಇನ್ನೊಂದು ಕಡೆ ಕೋಟೆಯಿದೆ, ಹೆಸರಿಲ್ಲ. ನೂರಿಪ್ಪತ್ತು ವರ್ಷಗಳ ಜಗಳ ಮುಗಿಯದಿರುವುದಕ್ಕೆ ಕಾರಣ ಸಾಕ್ಷ್ಯದ ಕೊರತೆಯೆನ್ನುವುದಕ್ಕಿಂತ, ಮೂರು ಪ್ರಶ್ನೆಗಳನ್ನು ಒಂದೇ ಪ್ರಶ್ನೆಯಂತೆ ಕೇಳಿದ್ದು. ಶಾಕ್ಯರು ಆಳಿದ ಪಟ್ಟಣ ಯಾವುದು? ಕಪಿಲವಸ್ತುವಿನ ಸಂಘ ಎಲ್ಲಿತ್ತು? ಯಾತ್ರಿಕರಿಗೆ ಸ್ಥಳದವರು ಏನನ್ನು ತೋರಿಸಿದರು? ಕೋಟೆಯ ಗೋಡೆ ಮೊದಲನೆಯದಕ್ಕೆ ಮಾತ್ರ ಉತ್ತರ, ಮುದ್ರಿಕೆ ಎರಡನೆಯದಕ್ಕೆ, ಲೀ ಲೆಕ್ಕ ಮೂರನೆಯದಕ್ಕೆ. ಫಾಹಿಯಾನ್ ಬರುವ ಹೊತ್ತಿಗೆ ಪಟ್ಟಣ ಪಾಳು; ದಾರಿ ತೋರಿಸಲು ಉಳಿದಿದ್ದವರಲ್ಲಿ ಮುಖ್ಯರು ಭಿಕ್ಷುಗಳು. ಅವರು ತಮ್ಮ ವಿಹಾರದ ಸುತ್ತಲೇ ಅರಮನೆ, ಬಾಗಿಲು, ತೊಟ್ಟಿಲುಗಳನ್ನು ತೋರಿಸಿದ್ದರೆ ಅಚ್ಚರಿಯಿಲ್ಲ. ಅವನ ಅಳತೆ ಪಿಪ್ರಾಹ್ವಾಕ್ಕೆ ಅಷ್ಟು ನಿಖರವಾಗಿ ಬೀಳುವುದು ಆಗ ಅರ್ಥವಾಗುತ್ತದೆ. ಇದು ಊಹೆ, ಆದರೆ ಕೈಯಲ್ಲಿರುವ ಯಾವ ಸಾಕ್ಷಿಯನ್ನೂ ಸುಳ್ಳೆನ್ನದೆ ನಿಲ್ಲುವ ಊಹೆ.

ಆದ್ದರಿಂದ ನನ್ನ ಹಂಚಿಕೆ ಹೀಗೆ. ಸಂಘವನ್ನೂ ಫಾಹಿಯಾನನನ್ನೂ ಪಿಪ್ರಾಹ್ವಾಕ್ಕೆ ಸಾಕಷ್ಟು ಧೈರ್ಯದಿಂದ ಕೊಡುತ್ತೇನೆ; ಪಟ್ಟಣವನ್ನು ತಿಲೌರಾಕೋಟ್‌ಗೆ, ಅದಕ್ಕಿಂತ ಕಡಿಮೆ ಧೈರ್ಯದಿಂದ; ಹ್ಯೂಯೆನ್ ತ್ಸಾಂಗನನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳುತ್ತೇನೆ. ಈ ಹಂಚಿಕೆಯನ್ನು ಕೆಡಿಸಬಲ್ಲದ್ದೇನು ಎಂಬುದನ್ನೂ ಹೇಳಬಹುದು. ಒತ್ತಿದ ಮುದ್ರಿಕೆ ಊರೂರು ಸುತ್ತುತ್ತದೆ, ಒತ್ತುವ ಅಚ್ಚು ಮಾತ್ರ ಒಡೆಯನ ಬಳಿ ಉಳಿಯುತ್ತದೆ. ತಿಲೌರಾಕೋಟ್‌ನ ಪೂರ್ವ ಬಾಗಿಲಾಚೆಯ ವಿಹಾರದಲ್ಲಿ ಕಪಿಲವಸ್ತು ಸಂಘದ ಅಂಥ ಅಚ್ಚೊಂದು ಸಿಕ್ಕರೆ ಪಿಪ್ರಾಹ್ವಾದ ಮುದ್ರಿಕೆಗಳೆಲ್ಲ ಅಲ್ಲಿಂದ ಹೋದ ಅಂಚೆಯಾಗಿಬಿಡುತ್ತವೆ. ಗನ್‌ವಾರಿಯಾದ ಕೆಳಪದರದಲ್ಲಿ ಕ್ರಿ.ಪೂ. ಆರನೆಯ ಶತಮಾನದ ಕೋಟೆ ಸಿಕ್ಕರೆ ತಿಲೌರಾಕೋಟ್ ಶಾಕ್ಯರ ನಾಡಿನ ಹಲವು ಪಟ್ಟಣಗಳಲ್ಲಿ ಒಂದಾಗಿ ಕುಗ್ಗುತ್ತದೆ. ಮುಖರ್ಜಿ ಗೆಲ್ಲಬೇಕಾದರೆ ಮೊದಲನೆಯದು ಸಿಗಬೇಕು, ಶ್ರೀವಾಸ್ತವ ಗೆಲ್ಲಬೇಕಾದರೆ ಎರಡನೆಯದು. ಎರಡೂ ಸಿಗದಿರುವಷ್ಟು ದಿನ 1901ರ ಆ ಪುಸ್ತಕವನ್ನು ಮುನ್ನುಡಿಯೊಡನೆ ಸೇರಿಸಿಯೇ ಓದಬೇಕು.